ಕಣಿವೆಯ ಬಾಯಲ್ಲಿ ಅಕ್ಕ

ಅಕ್ಕ ಹೇಳಿದ್ದ ಹೊತ್ತಿಗೆ ನಾನು ಫೋನ್ ಮಾಡಬೇಕಿತ್ತು, ಮಾಡಲಿಲ್ಲ. ಅಕ್ಕ ಕುಂಟುವುದನ್ನು ಕಂಡವರು ಅವಳ ಧೈರ್ಯ ಹೊಗಳುತ್ತಾರೆ. ನಾನು ಬೇರೆ ಕಡೆ ನೋಡುತ್ತೇನೆ.

ಮೊದಲು ಅವಳು ಬೆನ್ನಿಗೆ ಅಕ್ಕಿ ಮೂಟೆ ಕಟ್ಟಿಕೊಂಡು, ನೀರಲ್ಲಿ ನೆನೆಸಿದ ಬೂಟು ಹಾಕಿಕೊಂಡು, ಪುಂಗೋಲ್‌ನ ನಮ್ಮ ವಸತಿ ಬ್ಲಾಕಿನ ಮೆಟ್ಟಿಲು ಹತ್ತಿ ಇಳಿಯುತ್ತಿದ್ದಳು. ಪಚಪಚ ಸದ್ದು ಕೇಳಿದರೆ ಅದು ಅಕ್ಕನೇ. "ಆಂಟಿ, ಲಿಫ್ಟ್ ಕೆಟ್ಟೋಗಿದ್ಯಾ?" ಎಂದು ಪಕ್ಕದ ಮನೆಯ ಹುಡುಗಿ ಕೇಳಿದರೆ, "ಲಿಫ್ಟ್ ಚೆನ್ನಾಗಿದೆ ಲಾ, ಆಂಟಿಗೇ ತಲೆ ಕೆಟ್ಟಿದೆ" ಎಂದು ಇಲ್ಲಿಯವರ ಹಾಗೆ ಲಾ ಸೇರಿಸಿ ಹೇಳುವಳು.

ಇದೆಲ್ಲ ಒಮಾನ್ ದೇಶದ ಒಂದು ಕಣಿವೆಗಾಗಿ. ಸುತ್ತ ಹುಲ್ಲುಕಡ್ಡಿಯೂ ಇಲ್ಲದ ಮರಳುಗಾಡಿನ ಬೆಟ್ಟಗಳು. ನಡುವಿನ ಸೀಳಿನೊಳಗೆ ಹರಿಯುವ ನೀರು, ಒಂದರ ಕೆಳಗೊಂದು ಜಲಪಾತ. ಪುಂಗೋಲ್ ಹತ್ತಿರದ ಪಾಯಾ ಲೆಬಾರ್‌ನ ಆಫೀಸಿನಲ್ಲಿ ರಜೆ ಸಿಕ್ಕಿದಾಗಲೆಲ್ಲ ಅಕ್ಕ ಗೆಳತಿಯೊಬ್ಬಳ ಜೊತೆ, ಹಗ್ಗ ಹಿಡಿದು ಆ ಜಲಪಾತಗಳನ್ನು ಇಳಿಯಲು ಹೊರಡುತ್ತಿದ್ದಳು. "ಮೇಲೆ ಬಿಸಿಲಿದ್ರೂ ನಂಬೋ ಹಾಗಿಲ್ಲ ಕಣೋ. ಎಲ್ಲೋ ದೂರದ ಬೆಟ್ಟದಲ್ಲಿ ಮಳೆ ಬಿದ್ರೂ ಇಲ್ಲಿ ನೀರು ನುಗ್ಗುತ್ತೆ" ಎಂದು ಊಟಕ್ಕೆ ಕೂತಾಗ ಹೇಳುವಳು.

ಒಳಗೆ ಫೋನ್ ಸಿಗುವುದಿಲ್ಲ. ಹಾಗಾಗಿ ಇಳಿಯುವವರು ಹೊರಗೆ ಒಬ್ಬರನ್ನು ಕಾಯಲು ಬಿಟ್ಟಿರಬೇಕು. ಅಕ್ಕನಿಗೆ ಆ ಒಬ್ಬ ನಾನು. ನಮ್ಮ ಸಂಜೆ ನಾಲ್ಕಕ್ಕೆ, ಅಲ್ಲಿನ ಮಧ್ಯಾಹ್ನಕ್ಕೆ, ಹೊರಬಂದು ಫೋನ್ ಮಾಡುತ್ತಾಳೆ. ಮಾಡದಿದ್ದರೆ ಅಲ್ಲಿನ ರಕ್ಷಣೆಯವರಿಗೆ ನಾನು ಮಾಡಬೇಕು. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟ ನನ್ನನ್ನು ಹೋಟೆಲಿನ ಅಡುಗೆ ಕೆಲಸಕ್ಕೆಂದು ಊರಿನಿಂದ ಈ ಪರದೇಶಕ್ಕೆ ಕರೆಸಿದವಳು, ಜೀವ ಕಾಯುವ ಕೆಲಸವನ್ನೂ ಕೊಟ್ಟಳು. ಇಂಗ್ಲಿಷಿನಲ್ಲಿ ಏನು ಹೇಳಬೇಕೆಂದು ಬಾಯಿಪಾಠ ಮಾಡಿಸಿದ್ದಳು.

ಒಮ್ಮೆ ಅಕ್ಕನ ಫೋನ್ ಬಾರದೆ, ನಾಲ್ಕು ದಾಟಿದ ಕೂಡಲೇ ರಕ್ಷಣೆಯವರಿಗೆ ಮಾಡಿಬಿಟ್ಟೆ. ಹಗ್ಗ ಹೊತ್ತು ಓಡಿ ಬಂದವರಿಗೆ ಕಂಡದ್ದು, ಬಂಡೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದ ಅಕ್ಕ. ಅವಳ ಫೋನಿನ ಚಾರ್ಜ್ ಮುಗಿದಿತ್ತು. ವಾಪಸ್ ಬಂದ ಮೇಲೆ ನಮ್ಮ ಬ್ಲಾಕಿನ ಬುಡದ ಖಾಲಿ ಹಜಾರ, ವಾಯ್ಡ್ ಡೆಕ್ಕಿನಲ್ಲಿ ನಮ್ಮ ಕನ್ನಡದವರೆಲ್ಲ ಸೇರಿದಾಗ, "ನಮ್ ರಘು ಒಂಟೆ ಸಮೇತ ಸೈನ್ಯಾನೇ ಕಳಿಸಿದ್ದ ಕಣ್ರೀ!" ಎಂದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಬೋಂಡಾ ತಟ್ಟೆ ಹಿಡಿದು ನಿಂತಿದ್ದ ನಾನೂ ನಕ್ಕೆ. ತಟ್ಟೆ ಇಟ್ಟು ಎಲ್ಲಾದರೂ ಹೋಗಿಬಿಡೋಣ ಅನ್ನಿಸಿತ್ತು.

ಮುಂದಿನ ಸಲ ನಾಲ್ಕಾಯಿತು, ಫೋನ್ ಬರಲಿಲ್ಲ. ನಾನು ಹೋಟೆಲಿನ ಒಲೆಯ ಮುಂದಿದ್ದೆ. ಫೋನ್ ತೆಗೆದೆ, ಇಟ್ಟೆ. ಚಾರ್ಜ್ ಇರಲಿಕ್ಕಿಲ್ಲ ಅಂದುಕೊಂಡೆ. ಇನ್ನೊಂದು ಬಾಣಲೆ ಇಳಿಯಲಿ, ಈ ಆರ್ಡರ್ ಹೋಗಲಿ. ಈರುಳ್ಳಿ ಸೀದು ಹೋಯಿತು, ಮತ್ತೆ ಹೆಚ್ಚಿದೆ. ಒಂದು ಕಿವಿಯಲ್ಲಿ ಫೋನಿನ ಸದ್ದಿಗೆ ಕಾಯುತ್ತಿದ್ದೆ. ಇನ್ನೊಂದರಲ್ಲಿ ಆ ನಗು. ಹೊರಗೆ ದೀಪ ಹತ್ತಿದ ಮೇಲೆ, ಬಾಯಿಪಾಠದ ಮಾತನ್ನು ತೊದಲುತ್ತಾ ಫೋನ್ ಮಾಡಿದೆ.

ಅಷ್ಟೂ ಹೊತ್ತು ಅಕ್ಕ ಕಾಲು ಮುರಿದುಕೊಂಡು ಜಲಪಾತದ ಬುಡದಲ್ಲಿ ಸೊಂಟದವರೆಗಿನ ನೀರಿನಲ್ಲಿದ್ದಳು. ಕೈಬಿಟ್ಟರೆ ಮುಳುಗುತ್ತಾಳೆಂದು ಗೆಳತಿ ಅವಳನ್ನು ತಬ್ಬಿ ಹಿಡಿದಿದ್ದಳು. ಬೇಗ ತಂದಿದ್ದರೆ ಕಾಲು ಮೊದಲಿನಂತಾಗುತ್ತಿತ್ತು ಎಂದರು ಡಾಕ್ಟರು. ಅಕ್ಕ ಮಾತ್ರ ನೋಡಲು ಬಂದವರಿಗೆಲ್ಲ, "ನನ್ ತಮ್ಮ ಫೋನ್ ಮಾಡಿದ್ದಕ್ಕೇ ಉಳ್ಕೊಂಡೆ" ಎನ್ನುತ್ತಿದ್ದಳು. ನಾನು ಅವರಿಗೆ ಕಾಫಿ ಕೊಡುತ್ತಿದ್ದೆ.

ಹೋದ ವರ್ಷ ಹಟ ಹಿಡಿದು ನನ್ನನ್ನು ಅಲ್ಲಿಗೆ ಕರೆದೊಯ್ದಳು. ಅವಳು ಇಳಿಯುವ ಹಾಗಿರಲಿಲ್ಲ. "ಮೊದಲನೇ ಜಲಪಾತ ನೋಡ್ಕೊಂಡ್ ಬಾ. ನಾನಿಲ್ಲೇ ಇರ್ತೀನಿ" ಎಂದು ಕೋಲೂರಿ ಕಣಿವೆಯ ಬಾಯಲ್ಲಿ ಕೂತಳು. ದಾರಿ ತೋರಿಸುವವನ ಹಿಂದೆ ನಾನೊಬ್ಬನೇ ಹೋದೆ. ಹಸಿರು ನೀರು ಮೊಣಕಾಲಿಗೆ ತಣ್ಣಗೆ ತಾಗಿತು. ಅಕ್ಕ ಬಿದ್ದ ಜಾಗವನ್ನು ಅವನು ತೋರಿಸಿದ. ಆ ನೀರಿನಲ್ಲಿ ಸೊಂಟದವರೆಗೆ ಇಳಿದು ನಿಂತೆ. ನಡುಕ ಬಂದರೂ ಮೇಲೆ ಬರಲು ಮನಸ್ಸಾಗಲಿಲ್ಲ. ವಾಪಸ್ ಬರಲು ಅಕ್ಕ ಹೇಳಿದ್ದ ಹೊತ್ತು ಮೀರಿತು.

ಹೊರಬಂದರೆ, ಅಕ್ಕ ನನಗೆ ಬಾಯಿಪಾಠ ಮಾಡಿಸಿದ್ದ ಅದೇ ಇಂಗ್ಲಿಷ್ ಮಾತನ್ನು ಫೋನಿನಲ್ಲಿ ರಕ್ಷಣೆಯವರಿಗೆ ಕಿರುಚುತ್ತಿದ್ದಳು. ನನ್ನನ್ನು ಕಂಡು ಫೋನ್ ಇಳಿಸಿದಳು.

"ಸ್ವಲ್ಪ ಲೇಟಾಯ್ತು ಅಷ್ಟೇ ಅಕ್ಕ. ಆಗ್ಲೇ ಫೋನ್ ಮಾಡ್ಬಿಟ್ಯಾ? ಜನ ನಗಲ್ವಾ?"

"ನಗ್ಲಿ ಬಿಡೋ. ನೀನು ಬಂದ್ಯಲ್ಲ."

ನಾನು ಒದ್ದೆ ಬಟ್ಟೆಯಲ್ಲೇ ಅವಳ ಕಾಲ ಬಳಿ ಕೂತೆ.

"ಅಕ್ಕಾ, ಅವತ್ತು ನಾನು ಟೈಮಿಗೆ ಫೋನ್ ಮಾಡ್ಲಿಲ್ಲ. ನಗ್ತಾರೆ ಅಂತ ಕಾದೆ. ನೀನು ನೀರಲ್ಲಿದ್ದೆ, ನಾನು ಈರುಳ್ಳಿ ಹೆಚ್ತಾ ಇದ್ದೆ. ತಪ್ಪಾಯ್ತು ಅಕ್ಕ."