ಅಕ್ಕನ ಬೆನ್ನಿನ ಮೂರು ಇಂಚು

ನಮ್ಮ ಕಡೆ ಇಬ್ಬರು ತೋಟದವರು ಎದುರಾದರೆ ಕುಶಲ ಕೇಳುವುದಿಲ್ಲ, ‘ನಿಮ್ಮಲ್ಲಿ ಎಷ್ಟು ಬಿತ್ತು?’ ಎಂದು ಕೇಳುತ್ತಾರೆ. ಮನೆಗೊಂದು ಮಳೆಮಾಪಕ, ಅದಕ್ಕೊಂದು ಪುಸ್ತಕ. ಬೆಳಿಗ್ಗೆ ಇಂಚು, ಇಂಚಿನ ನೂರನೇ ಪಾಲಾದ ಸೆಂಟುಗಳಲ್ಲಿ ಬರೆದಲ್ಲದೆ ಬೇರೆ ಕೆಲಸವಿಲ್ಲ. ಈ ಅಭ್ಯಾಸ ಮಿದುಳಿನ ಸಂಶೋಧನೆಯವರೆಗೂ ಹೋದೀತೆಂದು ನಾನು ಎಣಿಸಿರಲಿಲ್ಲ.

ಕಳಸದ ಹತ್ತಿರ ಸಣ್ಣ ಕಾಫಿ ತೋಟ ಮಾಡಿಕೊಂಡಿರುವ ನನ್ನ ಅಕ್ಕ ತೊಂಬತ್ತರ ದಶಕದಲ್ಲಿ ಒಮ್ಮೆ ಜಾರಿಬಿದ್ದಳು. ಪೆಟ್ಟು ವಾಸಿಯಾಯಿತು, ಬೆನ್ನುನೋವು ಹೋಗಲಿಲ್ಲ. ಎಕ್ಸ್‌ರೇಯಲ್ಲಿ ಏನಿಲ್ಲ, ರಕ್ತದಲ್ಲಿ ಏನಿಲ್ಲ. ಕೆಲಸ ತಪ್ಪಿಸಿಕೊಳ್ಳುವ ನೋವು ಎಂದು ನೆಂಟರು ಆಡಿಕೊಂಡರು. ಚಿಕ್ಕಮಗಳೂರಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ನಾನೊಬ್ಬ ಮಾತ್ರ ಮೊದಲಿನಿಂದಲೂ ಅವಳನ್ನು ನಂಬಿದ್ದೆ. ಹಾಗೆಂದು ನನ್ನ ನೆನಪು. ಸಾಕ್ಷ್ಯವಿಲ್ಲದೆ ದೇವರನ್ನೂ ಒಪ್ಪದವನು ನಾನು. ನೆನಪಿನ ಹತ್ತಿರ ಮಾತ್ರ ಸಾಕ್ಷ್ಯ ಕೇಳಿದವನಲ್ಲ.

ಎರಡು ಸಾವಿರದ ಎಂಟೋ ಒಂಬತ್ತೋ ಇರಬೇಕು. ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಹಳೆಯ ನೋವಿನವರ ಮಿದುಳಿನ ಚಿತ್ರ ತೆಗೆಯುತ್ತಾರೆಂದು ಕೇಳಿ ಅವಳನ್ನು ಕರೆದೊಯ್ದೆ. ಗಾಯ ಮಾಸಿದ ಮೇಲೂ ಮಿದುಳಿನ ಕಾವಲು ಕಾಯುವ ಜೀವಕೋಶಗಳು ಕೆರಳಿಯೇ ಇದ್ದು, ಅಲ್ಲೊಂದು ಉರಿಯೂತ ಉಳಿದಿರುತ್ತದೆಯೇ ಎಂಬುದು ಅವರ ಪ್ರಶ್ನೆ. ಆನೆ ದಾಟಿಹೋದ ಮೇಲೂ ತೋಟದ ನಾಯಿಗಳು ಬೊಗಳುತ್ತಲೇ ಇರುತ್ತವಲ್ಲ, ಹಾಗೆ. ಆ ಕೋಶಗಳಿಗೆ ಅಂಟುವ ಔಷಧವನ್ನು ರಕ್ತನಾಳಕ್ಕೆ ಕೊಟ್ಟು, ಅದು ಎಲ್ಲೆಲ್ಲಿ ಸೇರಿತೆಂದು ಯಂತ್ರದಲ್ಲಿ ನೋಡುತ್ತಾರೆ.

ಯಂತ್ರಕ್ಕೆ ಮೊದಲು ಒಂದು ಪ್ರಶ್ನೆಯಿತ್ತು: ಸೊನ್ನೆಯಿಂದ ಹತ್ತರೊಳಗೆ ನೋವು ಎಷ್ಟು? ಅಕ್ಕ ಯೋಚಿಸಿ ಮೂರು ಎಂದಳು. ಡಾಕ್ಟರು, ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು, ಅಷ್ಟು ಕಡಿಮೆ ನೋವಿನವರನ್ನು ಸೇರಿಸಿಕೊಳ್ಳುವಂತಿಲ್ಲವೆಂದು ಬೇಸರದಿಂದಲೇ ಫಾರಂ ಬದಿಗಿಟ್ಟರು. ಇಷ್ಟು ದೂರ ಬಂದು ಇಲ್ಲೂ ಅವಳ ಮಾತು ನಡೆಯಲಿಲ್ಲವಲ್ಲ ಎನಿಸಿತು. ಬರೀ ಮೂರಕ್ಕೆ ಇಷ್ಟು ವರ್ಷದ ಗೋಳೇ ಎಂದೂ ಎನಿಸಿತು.

“ಮೂರು ಅಂದ್ರೆ ಕಮ್ಮಿನಾ?” ಎಂದಳು ಅಕ್ಕ. “ಮೂರಿಂಚು ಬಿದ್ದ ದಿನ ತೋಟದಲ್ಲಿ ನಿಲ್ಲಕ್ಕಾಗ್ತದಾ? ಹತ್ತು ಅಂದ್ರೆ ಗುಡ್ಡನೇ ಜಾರ್ತದೆ, ಡಾಕ್ಟ್ರೇ.”

ಡಾಕ್ಟರು ನನ್ನ ಮುಖ ನೋಡಿದರು. ಅಕ್ಕ ಚೀಲದಿಂದ ಮಳೆ ಪುಸ್ತಕ ತೆಗೆದಳು. ಮಳೆಯ ಪಕ್ಕ ಇನ್ನೊಂದು ಗೆರೆ ಎಳೆದು, ಒಂದು ದಿನವೂ ಬಿಡದೆ, ವರ್ಷಗಟ್ಟಲೆ ಬೆನ್ನಿನ ನೋವನ್ನೂ ಇಂಚಿನಲ್ಲೇ ಬರೆದಿದ್ದಳು. ನನಗೂ ಇದು ಗೊತ್ತಿರಲಿಲ್ಲ. ಡಾಕ್ಟರು ಪುಟದ ಮೇಲೆ ಪುಟ ತಿರುವಿದರು. ತಮ್ಮ ಅಳತೆಯನ್ನು ಮೊದಲಿನಿಂದ ವಿವರಿಸಿ ಮತ್ತೆ ಕೇಳಿದರು. ಅಕ್ಕ ಏಳು ಎಂದಳು.

“ಇಷ್ಟು ಚೆನ್ನಾಗಿ ಬರೆದಿಟ್ಟವರನ್ನ ನಾನು ನೋಡಿಲ್ಲ ಅಮ್ಮ,” ಎಂದರು ಡಾಕ್ಟರು. “ಪೂರ್ತಿ ಜೆರಾಕ್ಸ್ ಮಾಡ್ಕೊಳ್ಲಾ?”

ಚಿತ್ರವೂ ಆಯಿತು. ಒಬ್ಬರ ಚಿತ್ರದಿಂದ ಏನೂ ಹೇಳಲಾಗದು, ನೋವಿರುವವರದನ್ನೂ ಇಲ್ಲದವರದನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು ಎಂದು ಅವರು ಪ್ರಾಮಾಣಿಕವಾಗಿ ಹೇಳಿದರು. ನನಗೆ ನಿರಾಸೆಯಾಯಿತು. ಅಕ್ಕ ಮಾತ್ರ ಪದವಿ ಪಡೆದವಳಂತೆ ಬಸ್ಸು ಹತ್ತಿದಳು.

ಕೊಟ್ಟಿಗೆಹಾರದ ಹೋಟೆಲಿನಲ್ಲಿ ಕಾಫಿ ಕುಡಿಯುತ್ತ, ಮೊದಲಿನಿಂದಲೂ ನಂಬಿದ್ದಕ್ಕೆ ಸಾರ್ಥಕವಾಯಿತೆಂದು ನಾನು ಹೆಮ್ಮೆಯಿಂದ ಹೇಳಿಕೊಂಡೆ. ಅಕ್ಕ ಪುಸ್ತಕದ ಒಂದು ಹಳೆಯ ಪುಟ ತೆಗೆದು, “ಇಲ್ಲಿ ಓದು ಮಾರಾಯ,” ಎಂದಳು. ಮಾರ್ಚ್ ತಿಂಗಳ ಒಂದು ದಿನ. ಮಳೆ ಇಲ್ಲ. ತಮ್ಮ ಬಂದಿದ್ದ, ಎಲ್ಲ ಮನಸ್ಸಿನ ಭ್ರಮೆ ಅಂದ. ನೋವು ನಾಲ್ಕು ಇಂಚು.

ಆ ಪುಟದ ಜೆರಾಕ್ಸೂ ಆಸ್ಪತ್ರೆ ಸೇರಿದೆ. ಮಿದುಳಿನ ಸಂಶೋಧನೆಗೆ ನನ್ನ ಕೊಡುಗೆ ಅಷ್ಟು. ಉಳಿದದ್ದೆಲ್ಲ ನನ್ನ ಅಕ್ಕನದು.