ಮಾಪಣ್ಣ ಕೊಟ್ಟ ಹಿತ್ತಾಳೆ ಬಿಲ್ಲೆ

ಮಾಪಣ್ಣ ತಿಪ್ಪಣ್ಣ ದೊಡ್ಡಮನಿ, ವಯಸ್ಸು ಮೂವತ್ತೊಂದು; ಶಹಾಪುರದ ಕಡೆಯಿಂದ ಬಂದು ಥಾಣೆ ಹತ್ತಿರದ ಘಣಸೋಲಿಯಲ್ಲಿ, ಸಮುದ್ರದ ಉಪ್ಪುನೀರು ಒಳನುಗ್ಗುವ ಖಾಡಿಯ ದಂಡೆಯಲ್ಲಿ, ಗುಡಿಸಲು ಹಾಕಿದವನು; ಹೆಂಡತಿ ಚಂದ್ರಬಾಯಿ, ಮಗಳು ಗಂಗಾ. ಗಂಗಾಳಿಗಿಂತ ಮೊದಲು ಹುಟ್ಟಿದ ಗಂಡುಕೂಸು ಆ ಗುಡಿಸಲಿನ ತೇವಕ್ಕೆ ಕೆಮ್ಮಿ ಕೆಮ್ಮಿ ತೀರಿಕೊಂಡಿತ್ತು. ಈಗ ಗಂಗಾಳೂ ಕೆಮ್ಮತೊಡಗಿದ್ದಳು.

ಥಾಣೆ–ಬೇಲಾಪುರ ರಸ್ತೆಯ ಕಾರ್ಖಾನೆಯೊಂದರಲ್ಲಿ ಅವನು ಹಮಾಲ. ಲಾರಿಗೆ ಏರಿಸಿದ ಚೀಲಕ್ಕೊಂದರಂತೆ ಹಿತ್ತಾಳೆ ಬಿಲ್ಲೆ ಸಿಗುತ್ತಿತ್ತು. ಸಂಜೆ ಹಮಾಲರೆಲ್ಲ ತಮ್ಮ ಬಿಲ್ಲೆಗಳನ್ನು ಮುಕಾದಮ ಸಿದ್ರಾಮನ ಅಂಗೈಗೆ ಸುರಿಯಬೇಕು. ಊರಿಂದ ಕರೆತಂದವನು ಅವನು, ಬಿಲ್ಲೆ ಎಣಿಸಿ ಕೂಲಿ ಹಂಚುವವನೂ ಅವನು. ಆ ಅಂಗೈಯೆದುರು ಯಾರೂ ಮುಷ್ಟಿ ಮುಚ್ಚಿದ್ದಿಲ್ಲ.

೧೯೮೪ರ ಚಳಿಗಾಲದಲ್ಲಿ ಕಾರ್ಖಾನೆಯ ಬೆಳ್ಳಿಹಬ್ಬಕ್ಕೆಂದು ಹಮಾಲರಿಗೆ ಓಟದ ಪಂದ್ಯ ಸಾರಿದರು. ಗೇಟಿನಿಂದ ಹೊರಟು ಕಳವಾ ಸೇತುವೆ ಮುಟ್ಟಿ ಮರಳಬೇಕು. ಸೇತುವೆಯ ಬಳಿ ಓಟಗಾರನಿಗೊಂದು ಬಿಲ್ಲೆ ಕೊಡುತ್ತಾರೆ. ಅದನ್ನು ಆಫೀಸಿನ ಮುಂದಿನ ಮೇಜಿನ ಮೇಲೆ ಮೊದಲು ಇಟ್ಟವನಿಗೆ ಕಾಯಂ ನೌಕರಿ, ಇರಲು ಸಿಮೆಂಟಿನ ಖೋಲಿ.

ಹೊರೆ ಹೊತ್ತ ಹಮಾಲ ನಡೆಯುವುದಿಲ್ಲ, ಓಡುತ್ತಾನೆ. ನಿಂತರೆ ಭಾರ ಇಮ್ಮಡಿ. ಅಂಥ ಓಟದಲ್ಲಿ ಮಾಪಣ್ಣನನ್ನು ಮೀರಿಸುವವರು ಇರಲಿಲ್ಲ. ಖೋಲಿ ತಮ್ಮದೇ ಎಂದು ಚಂದ್ರಬಾಯಿ ಲೆಕ್ಕ ಹಾಕಿದ್ದಳು. ಕಾರ್ಖಾನೆಯವರು ಕೊಟ್ಟ ಕ್ಯಾನ್ವಾಸ್ ಬೂಟನ್ನು ಅವನು ಮಾತ್ರ ಗೂಟಕ್ಕೆ ತೂಗುಹಾಕಿದ.

"ಬೂಟು ಹಾಕ್ಕೊಂಡು ಓಡ್ರಿ," ಎಂದಳು ಚಂದ್ರಬಾಯಿ.

"ಕಾಯಂ ಆದ ದಿನ ಹಾಕ್ಕೊಂತೀನಿ. ಈಗ ಹಾಕ್ಕೊಂಡ್ರ ಹೊಲಸಾಗ್ತಾವ."

"ಕಾಲು ಹರದ್ರ ನಡೀತೈತಿ, ಬೂಟು ಹೊಲಸಾಗಬಾರದು. ಎಂಥ ಶಾಣ್ಯಾನ್ನ ಕೊಟ್ಟಾನವ್ವ ದೇವರು."

ಪಂದ್ಯದ ದಿನ ಅವಳು ಗಂಗಾಳನ್ನು ಬಗಲಲ್ಲಿಟ್ಟುಕೊಂಡು ಗೇಟಿನ ಹೊರಗೆ ನಿಂತಳು. ಮಾಪಣ್ಣ ಒಬ್ಬನೇ ಬಂದ. ಹಿಂದೆ ರಸ್ತೆ ಬರಿದಾಗಿತ್ತು. ಅಂಗಾಲು ಹರಿದು, ಇಟ್ಟಲ್ಲೆಲ್ಲ ಕೆಂಪು ಒತ್ತುತ್ತಿತ್ತು. ಗೇಟಿನೊಳಗೆ, ಮೇಜಿಗಿಂತ ಇತ್ತ, ಸಿದ್ರಾಮ ನಿಂತಿದ್ದ. ಅವನ ಬೆನ್ನಿಗೆ ತಂಗಿಯ ಮಗ ಯಂಕಪ್ಪ. ಎಲ್ಲರ ಜೊತೆ ಓಟಕ್ಕಿಳಿದು, ಸೇತುವೆ ಮುಟ್ಟದೆ ನಡುದಾರಿಯ ಐರೋಲಿಯಲ್ಲೇ ಕೂತುಬಿಟ್ಟು ಟೆಂಪೋ ಹತ್ತಿ ಮರಳಿದ ಈ ಅಳಿಯ ಬೆವರೆಂದು ಕಾಣುವಂತೆ ನಲ್ಲಿಯ ಕೆಳಗೆ ತಲೆಯನ್ನೂ ಬನಿಯನ್ನನ್ನೂ ತೋಯಿಸಿಕೊಂಡಿದ್ದ.

ಸಿದ್ರಾಮ ಅಂಗೈ ಚಾಚಿದ. "ತಾ," ಎಂದ, ದಿನಾ ಸಂಜೆ ಅನ್ನುವಂತೆ.

ಮಾಪಣ್ಣ ಬಿಲ್ಲೆಯನ್ನು ಆ ಅಂಗೈಯಲ್ಲಿಟ್ಟು ನೆಲಕ್ಕೆ ಕುಸಿದ.

ಯಂಕಪ್ಪ ಅದನ್ನು ಒಯ್ದು ಮೇಜಿನ ಮೇಲಿಟ್ಟಾಗ ಬ್ಯಾಂಡು ಮೊಳಗಿತು. ಮಾಪಣ್ಣ ತೆವಳುತ್ತ ಬಂದು, ಮೊದಲು ಬಂದವನು ತಾನೆಂದ. ಸಾಹೇಬರು ಕೇಳಿದ್ದು ಒಂದೇ ಮಾತು: "ಬಿಲ್ಲಾ ಕುಠೆ?" ಬಿಲ್ಲೆ ಎಲ್ಲಿ ಹೋಯಿತೆಂದು ಸುತ್ತ ನಿಂತ ಹಮಾಲರೆಲ್ಲ ಕಂಡಿದ್ದರು, ಆದರೆ ನಾಳೆಯ ಕೂಲಿ ಸಿದ್ರಾಮನ ಕೈಯಲ್ಲಿತ್ತು. ಎಲ್ಲರೂ ನೆಲ ನೋಡಿದರು.

"ದಣದಾನ ಪಾಪ, ತಲಿ ತಿರುಗೈತಿ," ಎಂದ ಸಿದ್ರಾಮ. "ನೀರು ಕುಡಸ್ರೋ ಅವಗ."

ಗುಡಿಸಲಿನಲ್ಲಿ ಚಂದ್ರಬಾಯಿ ಅವನ ಅಂಗಾಲಿಗೆ ಅರಿಶಿನ ಮೆತ್ತಿದಳು. ನಾಲಿಗೆಗೆ ಕರುಣೆ ತರಲಿಲ್ಲ. "ಓಡಾಕ ಕಾಲು ಕೊಟ್ಟ ದೇವರು ಮುಷ್ಟಿ ಹಿಡಿಯಾಕ ಕೈ ಕೊಡಲಿಲ್ರಿ ನಿಮಗ."

"ಕೈ ತಾನ ಹೋತು," ಎಂದ ಮಾಪಣ್ಣ.

ಮರುದಿನ ಅವನು ಅದೇ ಕಾಲಲ್ಲಿ ಚೀಲ ಹೊತ್ತ. ಲಾರಿಯ ಪಕ್ಕದ ಸ್ಟೂಲಿನಲ್ಲಿ ಯಂಕಪ್ಪ ಕೂತಿದ್ದ, ಕಾಯಂ ನೌಕರನಾಗಿ, ಬಿಲ್ಲೆ ಹಂಚುತ್ತ. ಆ ವಾರ ಕಳೆಯುವಷ್ಟರಲ್ಲಿ ಮಾಪಣ್ಣನ ದವಡೆ ಕಚ್ಚಿಕೊಂಡಿತು. ಬೆನ್ನು ಬಿಲ್ಲಿನಂತೆ ಬಾಗಿತು. ಥಾಣೆಯ ಆಸ್ಪತ್ರೆಯಲ್ಲಿ ಅದಕ್ಕೆ ಧನುರ್ವಾಯು ಎಂದರು. ಅವನ ಬಾಯಿ ಮತ್ತೆ ತೆರೆಯಲಿಲ್ಲ.

ಹೊಟ್ಟೆ ಮಾನವನ್ನು ಕೇಳುವುದಿಲ್ಲ. ಚಂದ್ರಬಾಯಿ ಪಾತ್ರೆ ತಿಕ್ಕಲು ಹೋದದ್ದು ಅದೇ ಸಿಮೆಂಟಿನ ಖೋಲಿಗೆ. ಗಂಗಾ ಹೊಸಿಲ ಆಚೆ ಕೂತು ಕೆಮ್ಮುತ್ತಿದ್ದಳು. ಒಂದು ದಿನ ಯಂಕಪ್ಪನ ಹೆಂಡತಿ ಸತ್ಯಮ್ಮ ಕೇಳಿದಳು: "ನಿನ್ನ ಗಂಡನ ಬೂಟು ಹೊಸಾವ ಅದಾವಂತಲ್ಲ. ನಮ್ಮವ್ರ ಕಾಲಿಗೆ ಆಗ್ತಾವೇನು?"

"ಇಲ್ರಿ ಅಕ್ಕಾರ. ಓಡಿದವ್ರ ಅಳತಿ ಅವು."

ಮರುದಿನದಿಂದ ಆ ಖೋಲಿಗೆ ಬೇರೆ ಕೆಲಸದವಳು ಬಂದಳು.

ಮಾಪಣ್ಣ ಬಿಟ್ಟುಹೋದದ್ದು: ಚೀಲಕ್ಕೆ ಹಾಕುವ ಕಬ್ಬಿಣದ ಕೊಕ್ಕೆ ಒಂದು. ತಲೆಯ ಸಿಂಬಿ ಒಂದು. ಪಂದ್ಯದ ದಿನ ಎದೆಗೆ ಕಟ್ಟಿದ ನಂಬರಿನ ಬಟ್ಟೆ, ಈಗ ಗಂಗಾಳ ಲಂಗದ ತೇಪೆ. ಖಾಡಿಯ ದಂಡೆಯ ಅದೇ ಗುಡಿಸಲು. ಹೆಂಡತಿ. ಯಾರು ಕೈ ಚಾಚಿದರೂ ಮುಷ್ಟಿ ಬಿಗಿಹಿಡಿಯುವ, ಕೆಮ್ಮುವ ಮಗಳು. ಗೂಟದಲ್ಲಿ ಒಂದು ಜೊತೆ ಬೂಟು, ಮಣ್ಣು ತಾಕದ್ದು.