ಕೌದಿಯ ಮೇಲಿನ ಮುಟ್ಟಳ್ಳಿ

ಇಂದು ಮಂಗಳವಾರ, ಬೆಳಿಗ್ಗೆ ಒಂಬತ್ತೂವರೆ. ಮನೆಯಲ್ಲಿದ್ದವರು ನಾನು ಮತ್ತು ಪಾತ್ರೆ ತೊಳೆಯಲು ಬರುವ ಹೆಂಗಸು. ನೆಲ ಒರೆಸಲಿಕ್ಕೆಂದು ಅವಳು ಕೆಳಗಿನ ದರ್ಜಿಯ ಅಂಗಡಿಯಿಂದ ಒಂದು ಚೀಲ ಚಿಂದಿ ತಂದಿದ್ದಳು. ಅದನ್ನು ನೆಲಕ್ಕೆ ಸುರಿದಾಗ ಹೊಸ ಖಾಕಿಯ ವಾಸನೆ ಬಂತು. ಗಂಜಿ, ಮಷಿನ್ ಎಣ್ಣೆ, ಸ್ವಲ್ಪ ಧೂಳು... ಕೈಯಲ್ಲಿದ್ದ ಕೆಲಸ ಬಿಟ್ಟು ಕುಳಿತೆ. ಹೊತ್ತಲ್ಲದ ಹೊತ್ತಿನಲ್ಲಿ ಕೂರುವುದು ನನ್ನ ಪದ್ಧತಿಯಲ್ಲ.

ಅರವತ್ತರ ದಶಕದ ಮೊದಲ ವರ್ಷಗಳು. ಹೊನ್ನಾವರದ ಒಂದು ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುತ್ತಿದ್ದೆ. ನಮ್ಮ ಕಡೆ ಕಲಿಸುವ ಹೆಂಗಸರಿಗೆ ಅಕ್ಕೋರು ಎನ್ನುವುದು ರೂಢಿ. ಮದುವೆಯಾಗದ ಸಣ್ಣ ಪ್ರಾಯದಲ್ಲೇ ನಾನು ಊರಿಗೆಲ್ಲ ಅಕ್ಕೋರು. ಬಂದರಿಗೆ ಹೋಗುವ ದಾರಿಯಲ್ಲಿ ಒಂದು ಹೆಂಚಿನ ಮನೆಯ ಅರ್ಧ ಭಾಗವನ್ನು ನಾನು, ನನ್ನ ತಾಯಿ ಬಾಡಿಗೆಗೆ ಹಿಡಿದಿದ್ದೆವು. ಇನ್ನರ್ಧದಲ್ಲಿ ಪಕ್ಕದ ಮನೆಯ ಅಕ್ಕ, ಅವಳ ಅತ್ತೆ, ಐದು ವರ್ಷದ ಮಗಳು. ಗಂಡನಿಗೆ ಕುಮಟೆಯಲ್ಲಿ ಕೆಲಸ. ಶನಿವಾರ ಬಂದು ಸೋಮವಾರ ಹೋಗುತ್ತಿದ್ದ.

ಅಕ್ಕನಿಗೆ ಕ್ಷಯ. ಆ ಹೆಸರನ್ನು ಅವರ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಕೆಮ್ಮು ಎನ್ನುತ್ತಿದ್ದರು. ಡಾಕ್ಟರು ಬಂದು ಸೂಜಿ ಹಾಕುತ್ತಿದ್ದರು, ಆದರೆ ರೋಗ ಅದಾಗಲೇ ಕೈಮೀರಿತ್ತು. ಜಗಲಿಯ ಮೂಲೆಯ ಕೋಣೆಯಲ್ಲಿ ಅವಳ ಮಂಚ. ಬಟ್ಟಲು, ಚೊಂಬು, ಚಾಪೆ ಎಲ್ಲ ಬೇರೆ. ಜಗಲಿಗೆ ತೆರೆದುಕೊಳ್ಳುವ ಮರದ ಸರಳಿನ ಒಂದು ಕಿಟಕಿ. ಮಗಳು ಜಗಲಿಯ ಕಂಬದವರೆಗೆ ಬರಬಹುದು, ಅದರಿಂದ ಈಚೆ ಬರುವಂತಿಲ್ಲ. ರಾತ್ರಿ ಅಜ್ಜಿಯ ಹತ್ತಿರ ಮಲಗುತ್ತಿತ್ತು.

ಶಾಲೆ ಬಿಟ್ಟು ಬಂದು, ಕೈಕಾಲು ತೊಳೆದು, ಆ ಕಿಟಕಿಯ ಹೊರಗೆ ಸ್ವಲ್ಪ ಹೊತ್ತು ಕೂರುವುದು ನನ್ನ ದಿನಚರಿಯಾಗಿತ್ತು. ಒಂದು ಸಂಜೆ ಅಕ್ಕ ಕೇಳಿದಳು.

"ತಂಗಿ, ಶಾಲೆ ಮಕ್ಕಳಿಗೆ ಕೌದಿ ಹೊಲಿಯೂಕೆ ಕಲಿಸ್ತ್ಯಾ?"

"ಇಲ್ಲ ಅಕ್ಕಾ. ಜಬಲಾ, ಕರವಸ್ತ್ರ, ಕಾಜಾ. ಪಾಠಪಟ್ಟಿಯಲ್ಲಿ ಅಷ್ಟೇ."

"ಪಾಠಪಟ್ಟಿ ಬರ್ದವ್ರಿಗೆ ಚಳಿ ಆಗೂದಿಲ್ಲ ಅಂತ ಕಾಣ್ತದೆ" ಎಂದು ನಕ್ಕಳು. ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ ಹೇಳಿದಳು: "ಮಗಳಿಗೊಂದು ಕೌದಿ ಆಗಬೇಕು. ಹತ್ರ ಮಲಗಿಸ್ಕೊಳ್ಳೂಕೆ ನಂಗಾಗೂದಿಲ್ಲ. ನಾ ಹೋದ ಮೇಲಾದ್ರೂ ನಾ ಮಾಡ್ಸಿದ್ದ್ರ ಒಳಗೆ ಅದು ಮಲಗ್ಲಿ. ಆದ್ರೆ ನನ್ನ ಕೈ ತಾಗೂಕಾಗ. ತಾಗಿದ್ರೆ ಚಾಪೆ ಜೊತೆಗೆ ಅದನ್ನೂ ಸುಡ್ತ್ರು. ನೀ ಹೊಲಿ. ನಾ ಇಲ್ಲಿಂದ ಹೇಳ್ತೆ."

ಕೌದಿಯೆಂದರೆ ಮನೆಯವರ ಹಳೆಯ ಸೀರೆ, ಹಳೆಯ ಪಂಚೆ. ಇದಕ್ಕೆ ಅದು ಸಲ್ಲದು. ಅವಳ ಸೀರೆಯ ಒಂದು ಎಳೆಯೂ ಸೇರುವಂತಿರಲಿಲ್ಲ. ಆ ಮನೆಯ ಯಾರ ಮೈಯನ್ನೂ ಕಾಣದ ಬಟ್ಟೆಯೇ ಬೇಕು. ಪೇಟೆಯಲ್ಲಿ ಭಟ್ಕಳದಿಂದ ಬಂದು ನೆಲೆಸಿದ ಸಾಹೇಬರೊಬ್ಬರ ಹೊಲಿಗೆ ಅಂಗಡಿಯಿತ್ತು. ಮಷಿನ್ನಿನ ಕೆಳಗೆ ಬಿದ್ದ ಚೂರುಗಳನ್ನು ಆರಿಸಿಕೊಳ್ಳಲು ಅವರಲ್ಲಿಗೆ ಹೋದೆ. ನಾನು ಅಲ್ಲೇ ಕುಳಿತು ಬಣ್ಣಕ್ಕೆ ಬಣ್ಣ, ಅಳತೆಗೆ ಅಳತೆ ಸೇರಿಸುವುದನ್ನು ಕಂಡು ಅವರು, "ಅಕ್ಕೋರೇ, ಚಿಂದಿಗೂ ಹಾಜರಿ ತಕಂತ್ರಾ?" ಎಂದರು. ಯಾರಿಗೆ ಎಂಬುದನ್ನು ಹೇಳಿದೆ. ಮುಂದಿನ ಸಲ ಹೋದಾಗ ಒಂದು ಗಂಟು ಬೇರೆಯೇ ಕಟ್ಟಿಟ್ಟಿದ್ದರು. ಅವರ ಹಬ್ಬಕ್ಕೆ ಹೊಲಿದ ಹಸಿರು ಬಟ್ಟೆಗಳ ಚೂರುಗಳು. "ಇದು ಬಣ್ಣ ಬಿಡೂದಿಲ್ಲ. ಮಗು ದೊಡ್ಡದಾಗೂವರೆಗೂ ಬತ್ತದೆ."

ಚೂರುಗಳನ್ನೆಲ್ಲ ಜಗಲಿಯಲ್ಲಿ ಹರಡಿದೆ. ಹಸಿರೇ ಹೆಚ್ಚು. ಶಾಲೆಯ ಚಡ್ಡಿ ಕತ್ತರಿಸಿ ಉಳಿದ ಖಾಕಿ ಪಟ್ಟಿಗಳು ಬೇಕಾದಷ್ಟು. ಬಿಳಿ, ಹಳದಿ ಸ್ವಲ್ಪ, ನೀಲಿ ಅಂಗೈಯಗಲ, ಕಾವಿ ಕೆಂಪಿನದು ಒಂದೇ ತುಂಡು. ಅಕ್ಕ ಸರಳುಗಳ ನಡುವಿನಿಂದ ಪೊರಕೆಯ ಹಿಡಿಕಡ್ಡಿಯೊಂದನ್ನು ಚಾಚಿ ತೋರಿಸುತ್ತಿದ್ದಳು. ಕಡ್ಡಿಯ ತುದಿ ಬಟ್ಟೆಗೆ ತಾಗದಂತೆ ಗಾಳಿಯಲ್ಲೇ ನಿಲ್ಲಿಸುವಳು. ಅವಳ ಅತ್ತೆ ಕಂಬಕ್ಕೆ ಒರಗಿ ಕಾವಲು ಕುಳಿತಿರುತ್ತಿದ್ದರು.

ನಾನು ಶಾಲೆಯಲ್ಲಿ ಕಲಿತಂತೆ ಚೌಕಗಳನ್ನು ಸಾಲಾಗಿ ಜೋಡಿಸಿದ್ದೆ. ಅಕ್ಕನಿಗೆ ಹಿಡಿಸಲಿಲ್ಲ.

"ಎಂತ ಇದು? ಮಕ್ಕಳು ಪ್ರಾರ್ಥನೆಗೆ ನಿಂತಂಗೆ ಕಾಣ್ತದೆ."

"ಮತ್ತೆ ಹೇಗೆ ಬೇಕು?"

"ನಮ್ಮೂರಂಗೆ."

ಅವಳ ತವರು ಭಟ್ಕಳದ ಹತ್ತಿರದ ಮುಟ್ಟಳ್ಳಿ. ಹೊಳೆ ದಾಟಿ, ಬಸ್ಸು ಹಿಡಿದು ಹೋಗಬೇಕು. ಅಪ್ಪ, ಅಮ್ಮ ಇಬ್ಬರೂ ತೀರಿಕೊಂಡಿದ್ದರು. ಮಗಳನ್ನು ಅಲ್ಲಿಗೆ ಒಂದು ಸಲವೂ ಕರೆದುಕೊಂಡು ಹೋಗಲು ಆಗಿರಲಿಲ್ಲ, ಇನ್ನು ಆಗುವಂತೆಯೂ ಇರಲಿಲ್ಲ. ಹಸಿರು ತುಂಡುಗಳು ಗದ್ದೆ. ಖಾಕಿ ಪಟ್ಟಿ ಗದ್ದೆಯ ಅಂಚು. ನೀಲಿಯದು ಬಾವಿ. ಹಳದಿ, ಕೊಯ್ಲಿಗೆ ಬಂದ ಮೇಲಿನ ಗದ್ದೆ. ನಡುವಿನ ಕಾವಿ ತುಂಡು ಅವಳ ಮನೆ. ನಾನು ಅಂಚನ್ನು ನೇರವಾಗಿ ಇಟ್ಟರೆ ಕಡ್ಡಿ ಅಲ್ಲಾಡುತ್ತಿತ್ತು.

"ಓರೆ ಮಾಡು. ಇನ್ನೂ ಓರೆ. ಸ್ಕೇಲ್ ಇಟ್ಟು ಗದ್ದೆ ಮಾಡಿದವ್ರು ಯಾರು ಅಕ್ಕೋರೇ?"

"ಓರೆ ಮಾಡಿದರೆ ಚೂರು ಸಾಲುವುದಿಲ್ಲ ಅಕ್ಕಾ."

"ನಮ್ಮಪ್ಪಂಗೂ ಸಾಲ್ತಿರಲಿಲ್ಲ. ಅದ್ಕೇ ಓರೆ."

ಕಂಬಕ್ಕೆ ಒರಗಿದ್ದ ಅಜ್ಜಿಯೂ ನಕ್ಕರು. ಆ ಮನೆಯಲ್ಲಿ ಅತ್ತೆ, ಸೊಸೆ ಒಟ್ಟಿಗೆ ನಕ್ಕಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಕೆಳಗೆ ನನ್ನ ತಾಯಿಯ ಹಳೆಯ ಸೀರೆಯನ್ನು ಎರಡು ಮಡಿಕೆ ಹಾಸಿ, ಚೂರುಗಳ ಅಂಚು ಮಡಚಿ ಇಟ್ಟು, ಸುತ್ತಲಿಂದ ಒಳಗೊಳಗೆ ಹೊಲಿಯುತ್ತ ಬಂದೆ. ಕೌದಿ ದಪ್ಪವಾದಂತೆ ಅಕ್ಕ ತೆಳ್ಳಗಾದಳು. ಆಮೇಲೆ ಕಡ್ಡಿ ಬಿಟ್ಟು ಬರೀ ಬಾಯಲ್ಲಿ ಹೇಳುತ್ತಿದ್ದಳು. ಕೊನೆಗೆ ನಡುವಿನ ಮನೆಯನ್ನು ಹೊಲಿದು ದಾರ ಕಡಿದಾಗ ಅಜ್ಜಿ ಎದ್ದು ಬಂದರು. ಕೌದಿಯನ್ನು ತಿರುವಿ ಮುರುವಿ ನೋಡಿ, "ಆತು. ಒಂದ್ಸಲಾನೂ ತಾಗಲಿಲ್ಲ. ನಾನೇ ನೋಡಿದ್ದೆ" ಎಂದು ತಾವೇ ಒಳಗೆ ಒಯ್ದು ಮೊಮ್ಮಗಳ ಹಾಸಿಗೆಗೆ ಹಾಕಿದರು.

ಆಮೇಲಿನ ಸಂಜೆಗಳಲ್ಲಿ ಮಗು ಅದನ್ನು ಹೊತ್ತು ತಂದು ಕಂಬದ ಆಚೆ ಹಾಸಿಕೊಂಡು ಕೂರುತ್ತಿತ್ತು. ಅಕ್ಕ ಕಿಟಕಿಯಿಂದ ಊರು ತೋರಿಸುವಳು. ಇಲ್ಲಿ ಕೊಕ್ಕರೆ ಬತ್ತದೆ, ಈ ಅಂಚಲ್ಲಿ ಏಡಿ ಅದೆ, ಬಾವಿ ಹತ್ರ ಹೋಗಬೇಡ ಮಗಾ. ಮಗು ಕೌದಿಯ ಮೇಲೆ ನಡೆಯುವಾಗ ನೀಲಿ ತುಂಡನ್ನು ಹಾರಿ ದಾಟುತ್ತಿತ್ತು. ರಾತ್ರಿ ಅದಿಲ್ಲದೆ ಮಲಗುತ್ತಿರಲಿಲ್ಲ. ಮನೆಯವರೆಲ್ಲರ ಬಾಯಲ್ಲೂ ಅದಕ್ಕೆ ಒಂದೇ ಹೆಸರು ನಿಂತಿತು. ಅಮ್ಮನ ಕೌದಿ ಮಡಚು, ಅಮ್ಮನ ಕೌದಿ ಬಿಸಿಲಿಗೆ ಹಾಕು... ನನ್ನ ತಾಯಿಯೂ ಹಾಗೆಯೇ ಹೇಳುತ್ತಿದ್ದಳು. ಬೇರೆ ಹೆಸರು ಯಾರಿಗೂ ಹೊಳೆಯಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಅಕ್ಕ ಹೋದಳು. ದಹನದ ಮರುದಿನ ನಾನು ಶಾಲೆಗೆ ಹೋಗಿದ್ದೆ. ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲವಾದ್ದರಿಂದ ನನ್ನ ತಾಯಿ ನಮ್ಮ ಹಿಂದಿನ ಅಡುಗೆಮನೆಯಲ್ಲಿ ಅವರೆಲ್ಲರಿಗೆ ಗಂಜಿ ಬೇಯಿಸುತ್ತಿದ್ದಳು. ಅಜ್ಜಿ ಒಳಗೆ ಮುಸುಕೆಳೆದು ಮಲಗಿದ್ದರು. ಗಂಡ ಅಸ್ಥಿ ಆಯಲು ಹೋಗಿದ್ದ. ಗಂಡನ ಚಿಕ್ಕಪ್ಪ ಊರಿಂದ ಬಂದವರು, ಅಂಗಳದಲ್ಲಿ ನಿಂತು ಕೋಣೆ ಖಾಲಿ ಮಾಡಿಸಿದರು. ಚಾಪೆ, ದಿಂಬು, ಸೀರೆ ಒಟ್ಟಾದವು. ಬೆಂಕಿ ಹಚ್ಚುವ ಮೊದಲು, ಬಾಗಿಲಲ್ಲಿ ನಿಂತಿದ್ದ ಮಗುವನ್ನು ಕೇಳಿದರಂತೆ, "ಅಮ್ಮಂದು ಇನ್ನೆಂತಾದ್ರೂ ಅದ್ಯಾ ಮಗಾ?"

ಮಗು ಒಳಗೆ ಹೋಯಿತು. ತನ್ನ ಹಾಸಿಗೆಯ ಮೇಲಿದ್ದ ಕೌದಿಯನ್ನು ಎಳೆದುಕೊಂಡು ತಂದು ಕೊಟ್ಟಿತು.

ಅವರಿಗೆ ಏನು ಗೊತ್ತು? ಹಾಕಿಬಿಟ್ಟರು.

ನಾನು ಬರುವಾಗ ಅಂಗಳದಲ್ಲಿ ಹೊಗೆ ಇನ್ನೂ ಇತ್ತು. ನನ್ನ ತಾಯಿ ಬಾಗಿಲಲ್ಲೇ ವಿಷಯ ಹೇಳಿದಳು. ಒಳಗೆ ಹೋದೆ. ಅಜ್ಜಿ ಮುಸುಕು ತೆಗೆಯದೆಯೇ, "ತಾಗಲಿಲ್ಲ ಅಂತ ನೋಡಿದವ್ಳು ನಾನೇ. ಹೇಳೂಕೆ ಎದ್ದು ಬರಲಿಲ್ಲ ಅಕ್ಕೋರೇ" ಎಂದರು.

ಮಗು ಕಂಬದ ಹತ್ತಿರ ನಿಂತಿತ್ತು. ಆ ದಿನವೂ ಕಂಬ ದಾಟಿರಲಿಲ್ಲ. ನನ್ನನ್ನು ಕಂಡು ಹೇಳಿತು: "ಅಕ್ಕೋರೇ, ನಾ ಅಮ್ಮಂದು ಎಲ್ಲಾ ಕೊಟ್ಟೆ. ಒಂದೂ ಬಚ್ಚಿಡಲಿಲ್ಲ."

ಹೇಳಿ, ನನ್ನ ಮುಖವನ್ನೇ ನೋಡುತ್ತ ಕಾದಿತು. ಹೇಳಿದ ಮಾತು ಕೇಳಿದ ಮಕ್ಕಳು ಯಾವ ಮಾತಿಗೆ ಕಾಯುತ್ತವೆ ಎಂಬುದು ಕಲಿಸುವವಳಾದ ನನಗೆ ಗೊತ್ತಿತ್ತು.

"ಶಾಣೆ ಹುಡುಗಿ" ಎಂದೆ.

ಮರುವರ್ಷ ತಂದೆ ಎರಡನೆಯ ಮದುವೆಯಾಗಿ, ಮಗಳನ್ನೂ ತನ್ನ ತಾಯಿಯನ್ನೂ ಕುಮಟೆಗೆ ಕರೆದುಕೊಂಡು ಹೋದ. ನನಗೆ ಭಟ್ಕಳಕ್ಕೆ ವರ್ಗವಾಯಿತು. ಅಲ್ಲಿಂದ ಒಂದು ಸಲ ಮುಟ್ಟಳ್ಳಿಗೆ ಹೋಗಿ ನೋಡಿದೆ. ಗದ್ದೆಗಳ ಅಂಚುಗಳು ಓರೆಯಾಗಿಯೇ ಇದ್ದವು. ಅಕ್ಕ ಒಂದನ್ನೂ ತಪ್ಪು ಹೇಳಿರಲಿಲ್ಲ.

ಆ ಹುಡುಗಿ ಎಲ್ಲಿದ್ದಾಳೋ ಗೊತ್ತಿಲ್ಲ. ಈಗ ಮೊಮ್ಮಕ್ಕಳಿರುವ ವಯಸ್ಸು ಅವಳಿಗೆ. ಅವಳಿಗೆ ಏನು ನೆನಪಿರಬಹುದೆಂದು ಆಗಾಗ ಯೋಚಿಸಿದ್ದೇನೆ. ಮರೆತಿದ್ದರೆ ಅಮ್ಮನದೆಂಬುದು ಅವಳಲ್ಲಿ ಏನೂ ಉಳಿದಿಲ್ಲ. ನೆನಪಿದ್ದರೆ, ತಾನೇ ತಂದು ಕೊಟ್ಟದ್ದೂ ನೆನಪಿರುತ್ತದೆ. ಎರಡರಲ್ಲಿ ಯಾವುದು ಆಗಿರಲಿ ಎಂದು ಹಾರೈಸಬೇಕೋ ನನಗೆ ಇವತ್ತಿಗೂ ತಿಳಿದಿಲ್ಲ...

ಸಂಜೆ ಆರು. ತಂತಿಯ ಮೇಲಿನ ಬಟ್ಟೆಗಳನ್ನು ಒಳಗೆ ತಂದು, ಮಡಚಿ, ಅವುಗಳ ಜಾಗದಲ್ಲಿ ಇಟ್ಟೆ.